ಇಪ್ಪತ್ತನಾಲ್ಕು

ಮಂಗಳವಾರ ಬೆಳಿಗ್ಗೆ ಆರೂವರೆಗೆ
ನೆಲಮಾಳಿಗೆಯ ಬೀಗ ತೆಗೆದು
ಬಿಳಿ ಬಕೆಟ್ಟಿನ ಮುಚ್ಚಳ ಎಬ್ಬುತ್ತೇನೆ.
ಘಾಟು ಮೊದಲು ಕಣ್ಣಿಗೆ, ಆಮೇಲೆ ಮೂಗಿಗೆ.
ಇಪ್ಪತ್ತನಾಲ್ಕು ಕುರಿ ಮಿದುಳು.
ಒಂದೊಂದನ್ನೂ ನಲ್ಲಿಯ ಕೆಳಗೆ ಹಿಡಿದು
ಹೂಕೋಸು ತೊಳೆದ ಹಾಗೆ ತೊಳೆಯುತ್ತೇನೆ.
ಹುಳ ಇದ್ದೀತೆಂದು ಸಂದಿಗೆ ಬೆರಳು ತೂರಿಸುವುದೂ ಉಂಟು,
ಕೈಯ ಚಾಳಿ, ಹದಿನೇಳು ವರ್ಷದ್ದು.

ಹೊರಗೆ ಕ್ಲೀವ್‌ಲ್ಯಾಂಡಿನ ಫೆಬ್ರವರಿ.
ಸರೋವರದಿಂದ ಬೀಸುವ ಗಾಳಿಗೆ
ಮೆಟ್ಟಿಲ ಮೇಲೆ ಚೆಲ್ಲಿದ ಉಪ್ಪೂ ನಡುಗುತ್ತದೆ.

ಇಲ್ಲಿಯ ಒಂದು ವರ್ಷದ ಫೀಸು
ನನ್ನ ಎರಡು ವರ್ಷದ ಸಂಬಳ.
ಗಂಡ ಒಮ್ಮೆ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದ,
ತಪ್ಪಿರಬೇಕೆಂದು ಮತ್ತೆ ಹಾಕಿ
ಬಿಲ್ಲನ್ನೇ ಮಡಚಿ ಜೇಬಿಗೆ ಸೇರಿಸಿದ.
ಆದರೆ ನೌಕರರ ಮಕ್ಕಳಿಗೆ ಫೀಸಿಲ್ಲ.
ಕೈಪಿಡಿಯ ನಲವತ್ತೊಂದನೆಯ ಪುಟ, ಕೆಳಗಿನಿಂದ ಮೂರನೆಯ ಸಾಲು.
ಆ ಸಾಲನ್ನು ನಂಬಿ ಆಸ್ಪತ್ರೆಯ ಒಳ್ಳೆಯ ಕೆಲಸ ಬಿಟ್ಟು
ಈ ಬಕೆಟ್ಟಿಗೆ ಕೈ ಹಾಕಿದೆ.
ಜುಜಾನಾಗೆ ಆಗ ಮೂರು ವರ್ಷ.
ಅವಳು ಇತಿಹಾಸ ಓದಬಹುದಿತ್ತು, ಪಿಟೀಲು ಕಲಿಯಬಹುದಿತ್ತು.
ಇಷ್ಟೊಂದು ಕಟ್ಟಡ ಬಿಟ್ಟು
ನರವಿಜ್ಞಾನ ಅಂತ ನನ್ನ ನೆಲಮಾಳಿಗೆಗೇ
ಇಳಿದು ಬರುತ್ತಾಳೆಂದು ಯಾರು ಕಂಡಿದ್ದರು?

ನಾಲ್ಕನೆಯ ಮೇಜು ಅವಳದು.
ಜೊತೆಗಾರ ಥೇಯರ್, ಒಳ್ಳೆಯ ಹುಡುಗ,
ಅವನಜ್ಜನ ಹೆಸರು ಈಜುಕೊಳದ ಬಾಗಿಲ ಮೇಲಿದೆ.
ನಾನು ತಟ್ಟೆ ಇಡುತ್ತೇನೆ.
ಅವಳು ತಟ್ಟೆಗೇ 'ಥ್ಯಾಂಕ್ಸ್' ಹೇಳುತ್ತಾಳೆ,
ಬೆಳಿಗ್ಗೆ ನನ್ನ ಕಾಲುಚೀಲ ಹಾಕಿಕೊಂಡು ಹೊರಟವಳು.
ನನ್ನೆದೆಯ ಬಿಲ್ಲೆಯಲ್ಲೂ ಅವಳ ಹಾಜರಿಯಲ್ಲೂ
ಹೊರ್ನ್ಯಾಕ್ ಎಂದೇ ಇದೆ.
ಬಿಲ್ಲೆಯನ್ನು ಯಾರೂ ಓದುವುದಿಲ್ಲ.
ಇದು ನಮ್ಮ ಒಪ್ಪಂದ. ಹೇಳಿದ್ದು ನಾನೇ, ಅವಳಲ್ಲ.
ಅಲ್ಲ,
ನಾನು ಹೇಳಲೆಂದು ಅವಳು ಕಾದಿದ್ದಳು.

ರಾತ್ರಿ ಅಡುಗೆಮನೆಯಲ್ಲಿ ಪಾಠ ಒಪ್ಪಿಸುತ್ತಾಳೆ.
ಥಲಾಮಸ್, ಫಾರ್ನಿಕ್ಸ್, ಹಿಪ್ಪೋಕ್ಯಾಂಪಸ್.
ತಡವರಿಸಿದರೆ ಈರುಳ್ಳಿ ಹೆಚ್ಚುತ್ತಲೇ ನಾನು ತಿದ್ದುತ್ತೇನೆ.
ನನಗೆ ಹೆಸರು ಗೊತ್ತು, ಕೆಲಸ ಗೊತ್ತಿಲ್ಲ,
ದಿನಾ ಬಸ್ಸಿನಲ್ಲಿ ಕಾಣುವ ಮುಖಗಳ ಹಾಗೆ.
'ಮೇಲಿನ ಪೊರೆ ಇದೆಯಲ್ಲ, ಡ್ಯೂರಾ ಮೇಟರ್,
ಅದರರ್ಥ ಗಡಸು ತಾಯಿ' ಎಂದಳು ಮೊನ್ನೆ.
'ಕೆಳಗಿನದು ಪಿಯಾ, ಮೆತ್ತನೆಯ ತಾಯಿ.
ಯಾರು ಇಟ್ಟರೋ ಹೆಸರು.'
ನಾನು ಎಷ್ಟು ಗಡಸು ತಾಯಂದಿರನ್ನು
ಕತ್ತರಿಯಲ್ಲಿ ಬಿಡಿಸಿ ಕಸದ ಚೀಲಕ್ಕೆ ಹಾಕಿದ್ದೇನೋ.
ಇನ್ನೊಂದು ಕತ್ತರಿಗೆ ಸಿಗುವುದಿಲ್ಲ,
ಪ್ರತಿ ತಗ್ಗಿಗೂ ಇಳಿದು ಅಂಟಿಕೊಂಡಿರುತ್ತದೆ.
ಕುದಿಯುವ ಸೂಪಿಗೆ ಉಪ್ಪು ಹಾಕಿದೆ, ಎರಡು ಸಲ.

ಈ ಮಂಗಳವಾರ ಪ್ರಶ್ನೆ ಕಠಿಣವಿತ್ತು.
ಥೇಯರ್ ಅವಸರದಲ್ಲಿ ಚಾಕು ಓರೆ ಹಿಡಿದ,
ಮಿದುಳು ತಟ್ಟೆಯಿಂದ ಜಾರತೊಡಗಿತು.
ಜುಜಾನಾ ತಲೆಯೆತ್ತಲಿಲ್ಲ.
'ಮಾಮಿ, ಹಿಡಿ!' ಎಂದಳು,
ನಮ್ಮ ಸ್ಲೊವಾಕ್ ಭಾಷೆಯಲ್ಲಿ, ಮನೆಯ ದನಿಯಲ್ಲಿ,
ಹಾಲು ಉಕ್ಕುವಾಗ ಕೂಗುವ ಹಾಗೆ.

ಹಿಡಿದೆ.
ಕೈಗವಸು ಇರಲಿಲ್ಲ. ತಣ್ಣಗಿತ್ತು, ಒದ್ದೆ ಸಾಬೂನಿನಂತೆ.
ಐದನೆಯ ಮೇಜಿನ ಕತ್ತರಿ ನಿಂತಿತು.
ಹುಡುಗ ನನ್ನ ಬಿಲ್ಲೆ ಓದಿದ,
ಆಮೇಲೆ ಅವಳ ಮುಖ, ಮತ್ತೆ ಬಿಲ್ಲೆ.
ಅವಳ ಕಿವಿ ಕೆಂಪಾಗಿತ್ತು. ನನ್ನದೂ ಇರಬೇಕು,
ಆ ಕಿವಿ ನನ್ನದೇ ತಾನೆ.
'ನಡುವೆ ನೇರ ಇಳಿಸು' ಎಂದೆ ಅವನಿಗೆ,
'ಬೆಣ್ಣೆ ಕತ್ತರಿಸಿದ್ದೀಯಲ್ಲ ಯಾವಾಗಲಾದರೂ?'
ಅವಳು ನಕ್ಕಳೋ, ಮೂಗೆಳೆದಳೋ,
ಘಾಟಿಗೆ ಎಲ್ಲರ ಕಣ್ಣೂ ಒದ್ದೆಯಾಗಿಯೇ ಇರುತ್ತವೆ.

ಸಂಜೆ ಎಣಿಸಿದೆ. ಇಪ್ಪತ್ತನಾಲ್ಕರ ಅರ್ಧರ್ಧ, ನಲವತ್ತೆಂಟು.
ಬಸ್ಸಿನಲ್ಲಿ ಅವಳು ಎಂದಿನಂತೆ ಮುಂದಿನ ಸೀಟಿನಲ್ಲೇ ಕೂತಳು.
ಗುರುವಾರ ಪರೀಕ್ಷೆಯಂತೆ.
ಬರುವ ವಾರಕ್ಕೆ ಹಸುವಿನ ಕಣ್ಣು.
ಬಂದಾಗಿದೆ, ಫ್ರಿಜ್ಜಿನಲ್ಲಿವೆ,
ಎಲ್ಲ ತೆರೆದೇ ಇವೆ.